ಬಾಡಿಗೆಗೆ ಕೊಡಲು ಹಳೆ ಮನೆ ಕ್ರಯಕ್ಕೆ ತೆಗೆಯುವಾಗ ಪೈಪು, ಬಾವಿ, ಕಕ್ಕಸು ಗುಂಡಿ ಹೇಗೆ ನೋಡುವುದು?

ಬದಿಯಡ್ಕ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಶಾಲೆಯಲ್ಲಿ ಟೀಚರ್. ನಾವು ಗಂಡ ಹೆಂಡತಿ ಕೂಡಿಟ್ಟ ಹಣದಲ್ಲಿ ಕುಂಬಳೆ ಹತ್ತಿರ ಒಂದು ಹಳೆ ಮನೆ ತೆಗೆಯುವ ಯೋಚನೆಯಲ್ಲಿದ್ದೇವೆ. ನಾವು ಇರಲಿಕ್ಕಲ್ಲ. ಮೇಲೊಂದು ಕೆಳಗೊಂದು ಎರಡು ಮನೆ ಮಾಡಿ ಬಾಡಿಗೆಗೆ ಕೊಡಲಿಕ್ಕೆ.

12 ಸೆಂಟ್ಸ್ ಜಾಗ. 1993ರಲ್ಲಿ ಕಟ್ಟಿದ ಕೆಂಪು ಕಲ್ಲಿನ ಮನೆ, ಮೇಲೆ ತಾರಸಿ. ಕೆಳಗೆ ಎರಡು ಬಾತ್‌ರೂಮ್, ಮೇಲೆ ಒಂದು. ಹಿತ್ತಿಲಲ್ಲಿ ಬಾವಿ ಉಂಟು. ಮನೆಯವರು ಮುಂಬೈಯಲ್ಲಿದ್ದಾರೆ. ನಾಲ್ಕು ವರ್ಷದಿಂದ ಬೀಗ ಹಾಕಿಯೇ ಇದೆ.

ಮೊನ್ನೆ ಹೋಗಿ ನೋಡಿದೆವು. ನಲ್ಲಿ ತಿರುಗಿಸಿದಾಗ ಮೊದಲು ಕಂದು ನೀರು ಬಂತು. ಕೆಳಗಿನ ಬಾತ್‌ರೂಮಿನಲ್ಲಿ ವಾಸನೆ. ಊಟದ ಕೋಣೆಯ ಗೋಡೆ ಕೆಳಗೆ ಎರಡಡಿಯಷ್ಟು ಸಿಪ್ಪೆ ಎದ್ದಿದೆ. ಬ್ರೋಕರ್ ಮಾತ್ರ, ಒಂದು ಕೋಟ್ ಪೈಂಟ್ ಹೊಡೆದರೆ ಸಾಕು, ಮುಂದಿನ ತಿಂಗಳೇ ಬಾಡಿಗೆಗೆ ಕೊಡಬಹುದು ಅನ್ನುತ್ತಾರೆ.

ಬರುವ ಭಾನುವಾರ ಮನೆಯವರ ತಮ್ಮ ಕೀಲಿ ತರುತ್ತಾರೆ. ಅರ್ಧ ದಿನ ಸಿಗುತ್ತದೆ. ನಮಗಿಬ್ಬರಿಗೂ ಈ ಕೆಲಸ ಗೊತ್ತಿಲ್ಲ. ಏನು ನೋಡಬೇಕು? ರೇಟಿನಲ್ಲಿ ಎಷ್ಟು ಇಳಿಸಿ ಕೇಳಬಹುದು? ಗೊತ್ತಿದ್ದವರು ದಯವಿಟ್ಟು ಹೇಳಿ.

ಮುಳ್ಳೇರಿಯ ತೋಟ:

1993ರ ಮನೆ ಅಂದರೆ ಗೋಡೆ ಒಳಗೆ ಜಿಐ ಪೈಪೇ (ಸತು ಲೇಪಿಸಿದ ಕಬ್ಬಿಣದ ಪೈಪು) ಇರುತ್ತದೆ. ಅದನ್ನು ಪರೀಕ್ಷೆ ಮಾಡುತ್ತಾ ಕೂರುವುದು ಸುಮ್ನೆ ಟೈಮ್ ವೇಸ್ಟ್. ಎಲ್ಲ ಬಿಟ್ಟುಬಿಡಿ, ಹೊಸ ಪಿವಿಸಿ ಎಳೆಯಿರಿ. ಬಿಸಿನೀರಿನ ಲೈನಿಗೆ ಮಾತ್ರ ಬಿಸಿ ತಡೆಯುವ ಸಿಪಿವಿಸಿ ಹಾಕಿಸಿ. ಬಾಡಿಗೆ ಮನೆಯಲ್ಲವಾ, ಗೋಡೆ ಒಡೆಯದೆ ಹೊರಗಿನಿಂದಲೇ ಕ್ಲಾಂಪ್ ಹೊಡೆದು ತನ್ನಿ. ನಾಳೆ ಲೀಕ್ ಆದರೂ ಕಣ್ಣಿಗೆ ಕಾಣುತ್ತದೆ. ಆದರೆ ಬಿಸಿಲಿಗೆ ಬೀಳುವ ಪಿವಿಸಿಗೆ ಪೈಂಟ್ ಬೇಕು, ಇಲ್ಲದಿದ್ದರೆ ಕೆಲವು ವರ್ಷದಲ್ಲಿ ಗರಿ ಗರಿ ಆಗಿ ಒಡೆಯುತ್ತದೆ. ತೋಟದ ಪೈಪಿನಲ್ಲಿ ನಾವು ದಿನಾ ನೋಡುವುದೇ ಅದು.

ಮಂಜೇಶ್ವರ ಪ್ಲಂಬರ್:

ಟೀಚರೇ, ನಾನು ಪ್ಲಂಬಿಂಗ್ ಕೆಲಸಕ್ಕೆ ಇಳಿದು 26 ವರ್ಷ ಆಯಿತು. ಅದರಲ್ಲಿ 11 ವರ್ಷ ಶಾರ್ಜಾದಲ್ಲಿ. ಊರಿಗೆ ಬಂದ ಮೇಲೆ ನಾನೂ ನನ್ನ ತಮ್ಮನೂ ಸೇರಿ ಎರಡು ಹಳೆ ಮನೆ ತೆಗೆದು, ರಿಪೇರಿ ಮಾಡಿ, ಬಾಡಿಗೆಗೆ ಕೊಟ್ಟಿದ್ದೇವೆ. ಮೊದಲನೆಯದರಲ್ಲಿ ದೊಡ್ಡ ಪೆಟ್ಟು ತಿಂದೆವು. ನಿಮಗೆ ಹಾಗಾಗಬಾರದು ಅಂತ ಸ್ವಲ್ಪ ಉದ್ದ ಬರೆಯುತ್ತೇನೆ.

ಮನೆ ನೋಡಲು ಹೋದವರೆಲ್ಲ ನಲ್ಲಿ ತಿರುಗಿಸುತ್ತಾರೆ. ನೀರು ಬರುವ ಬದಿ ನೋಡುತ್ತಾರೆ. ನೀರು ಹೋಗುವ ಬದಿ ನೋಡುವುದಿಲ್ಲ. ನಾನು ಅದೇ ಕೆಲಸದವನಾಗಿ ನಾನೂ ನೋಡಲಿಲ್ಲ. ಹೊಸಂಗಡಿ ಹತ್ತಿರದ ಮನೆ ಅದು. ಮಾರ್ಚ್ ತಿಂಗಳಲ್ಲಿ ನೋಡಿದೆವು. ಬಾತ್‌ರೂಮಿಗೆ ಎರಡು ಕೊಡ ನೀರು ಹೊಯ್ದೆ, ಸರಾಗ ಹೋಯಿತು. ಜಿಐ ಎಲ್ಲ ಕಿತ್ತು ಹೊಸ ಪೈಪು, ಹೊಸ ಟೈಲ್ಸ್, ಹೊಸ ಕ್ಲೋಸೆಟ್ ಹಾಕಿದೆವು. ಜೂನ್‌ಗೆ ಬಾಡಿಗೆಯವರು ಬಂದರು. ಆಟಿ ತಿಂಗಳು (ಜುಲೈ-ಆಗಸ್ಟ್) ಮುಗಿಯುವ ಮೊದಲೇ ಫೋನ್ ಬಂತು, ಫ್ಲಶ್ ಮಾಡಿದ ನೀರು ಇಳಿಯುವುದಿಲ್ಲ, ಮೇಲಕ್ಕೆ ಬರುತ್ತದೆ ಅಂತ.

ಹೋಗಿ ಮುಚ್ಚಳ ತೆಗೆದು ನೋಡಿದರೆ ಅದು ಸೆಪ್ಟಿಕ್ ಟ್ಯಾಂಕೇ ಅಲ್ಲ. ಕೆಂಪು ಕಲ್ಲು ಸುತ್ತ ಕಟ್ಟಿದ, ತಳ ಇಲ್ಲದ ಗುಂಡಿ. ಬೇಸಿಗೆಯಲ್ಲಿ ನೆಲ ಎಲ್ಲ ಕುಡಿಯುತ್ತದೆ. ಮಳೆಗಾಲದಲ್ಲಿ ನೆಲದ ನೀರೇ ಮೇಲೆ ಬಂದು ಗುಂಡಿಯೊಳಗೆ ತುಂಬಿ ನಿಲ್ಲುತ್ತದೆ. ಇನ್ನು ಮನೆಯ ನೀರು ಹೋಗುವುದೆಲ್ಲಿಗೆ? ಬಾಡಿಗೆಯವರು ಬಿಟ್ಟು ಹೋದರು. ಅವರನ್ನು ದೂರಲಿಕ್ಕಾಗುವುದಿಲ್ಲ, ಮನೆಯಲ್ಲಿ ಅಜ್ಜಿ ಇದ್ದರು. ಹಾಕಿ ಎರಡು ತಿಂಗಳಾಗದ ಟೈಲ್ಸ್ ಒಡೆದು, ಲೈನ್ ತಿರುಗಿಸಿ, ಬೇರೆ ಟ್ಯಾಂಕ್ ಕಟ್ಟಿಸಿದೆವು. ಗುಂಡಿಯ ಕೆಲಸಕ್ಕೇ 1,30,000 ರೂಪಾಯಿ ಹೋಯಿತು. ಪೈಪಿನ ಕೆಲಸಕ್ಕೆ ಆದದ್ದು 85,000.

ಅದಕ್ಕೇ ಹೇಳುವುದು. ಬರುವ ಪೈಪು ಎಷ್ಟೇ ಹಾಳಾಗಿರಲಿ, ಅದಕ್ಕೊಂದು ರೇಟು ಉಂಟು, ಕಳೆದು ಕೇಳಬಹುದು. ಮನೆಯ ಕೊಳೆ ನೀರು ಬಾವಿಗೆ ಸೇರುತ್ತಿದ್ದರೆ, ಗುಂಡಿಗೆ ಬೇರೆ ಜಾಗವೂ ಇಲ್ಲದಿದ್ದರೆ, ಅರ್ಧ ರೇಟಿಗೆ ಕೊಟ್ಟರೂ ಆ ಮನೆ ಬೇಡ.

ಭಾನುವಾರ ಹೋದ ಕೂಡಲೇ ಮೊದಲು ಗುಂಡಿ ಎಲ್ಲಿದೆ ಅಂತ ಕೇಳಿ. ಗೊತ್ತಿಲ್ಲ ಅಂದರೆ ಕ್ಲೋಸೆಟ್‌ನಿಂದ ಹೊರಟ 4 ಇಂಚಿನ ಪೈಪು ಗೋಡೆ ದಾಟುವ ಜಾಗ ಹಿಡಿದು ಚೇಂಬರ್ (ಪೈಪು ಸೇರುವ, ಮುಚ್ಚಳ ಇರುವ ಸಣ್ಣ ತೊಟ್ಟಿ) ಹುಡುಕಿ. ಟೇಪ್ ತೆಗೆದುಕೊಂಡು ಹೋಗಿ. ಗುಂಡಿಯಿಂದ ಬಾವಿಗೆ ಎಷ್ಟು ದೂರ ಅಂತ ಅಳೆಯಿರಿ. ಕೇರಳದ ಕಟ್ಟಡ ನಿಯಮದ ಪ್ರಕಾರ ಕುಡಿಯುವ ನೀರಿನ ಬಾವಿಯಿಂದ 7.5 ಮೀಟರ್ ಒಳಗೆ ಸೆಪ್ಟಿಕ್ ಟ್ಯಾಂಕ್, ಅದರ ನೀರು ನೆಲಕ್ಕೆ ಇಂಗುವ ಇಂಗುಗುಂಡಿ ಬರಬಾರದು. ನಮ್ಮ ಮುರಕಲ್ಲಿನ (ಕೆಂಪು ಕಲ್ಲಿನ) ನೆಲಕ್ಕೆ ನನ್ನ ಕೇಳಿದರೆ ಅದೂ ಕಡಿಮೆಯೇ. ಬಾಯಾರು, ಎಣ್ಮಕಜೆ ಕಡೆ ಸುರಂಗ ತೋಡಿ ನೀರು ತರುತ್ತಾರಲ್ಲ, ಆ ಕಲ್ಲಿನಲ್ಲಿ ನೀರು ಹಾಗೆ ಜಿನುಗಿ ಬರುವುದರಿಂದಲೇ ಅದು ಸಾಧ್ಯ. ಒಳ್ಳೆಯ ನೀರು ಜಿನುಗುವ ಕಲ್ಲಿನಲ್ಲಿ ಕೊಳೆ ನೀರೂ ಜಿನುಗುತ್ತದೆ.

ಒಂದು ಮಾತು ಮರೆಯಬೇಡಿ. ಗುಂಡಿಯ ಮುಚ್ಚಳ ತೆಗೆಸಿದರೆ ದೂರ ನಿಲ್ಲಿ. ಬಗ್ಗಿ ನೋಡಬೇಡಿ, ಹತ್ತಿರ ಬೀಡಿ ಬೆಂಕಿ ಬೇಡ. ಯಾರನ್ನೂ ಒಳಗೆ ಇಳಿಸಲೇಬೇಡಿ, ಹಣ ಕೊಡುತ್ತೇನೆ ಅಂದರೂ ಬೇಡ. ಒಳಗಿನ ಗಾಳಿ ಒಂದೆರಡು ಉಸಿರಿಗೇ ಆಳನ್ನು ಬೀಳಿಸುತ್ತದೆ. ಹಾಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯಲ್ಲಿ ಅಪರಾಧವೂ ಹೌದು. ಖಾಲಿ ಮಾಡಲು ಸಕ್ಕಿಂಗ್ ಗಾಡಿಯೇ ಬರಬೇಕು.

ಇನ್ನು ಪೈಪು. ಸಾಧ್ಯವಾದರೆ ಶನಿವಾರ ಸಂಜೆಯೇ ಒಮ್ಮೆ ಕೀಲಿ ತೆಗೆಸಿ. ಟ್ಯಾಂಕಿ ತುಂಬಿಸಿ, ಎಲ್ಲ ನಲ್ಲಿ ಬಂದ್ ಮಾಡಿ, ನೀರಿನ ಮಟ್ಟಕ್ಕೆ ಸ್ಕೆಚ್ ಪೆನ್ನಿನಲ್ಲಿ ಗೆರೆ ಹಾಕಿ. ಬೆಳಿಗ್ಗೆ ಹೋಗಿ ಎಷ್ಟು ಇಳಿದಿದೆ ನೋಡಿ. 1000 ಲೀಟರ್ ಟ್ಯಾಂಕಿ ಅಡ್ಡಕ್ಕೆ ಸುಮಾರು 1.1 ಮೀಟರ್ ಇರುತ್ತದೆ. ಅಂದರೆ ಒಂದು ಸೆಂಟಿಮೀಟರ್ ಇಳಿದರೆ ಒಂಬತ್ತೂವರೆ ಲೀಟರ್ ಎಲ್ಲೋ ಹೋಗಿದೆ ಅಂತ ಲೆಕ್ಕ. ಪ್ರೆಶರ್ ಪಂಪ್ ಇಟ್ಟು ಟೆಸ್ಟ್ ಮಾಡಿಸಿ ಅಂತ ಯಾರಾದರೂ ಹೇಳಬಹುದು. ಮೂವತ್ತು ವರ್ಷದ ಜಿಐಗೆ ಬೇಡ. ಒಡೆದರೆ ಮನೆಯವರೊಡನೆ ಜಗಳ.

ಫ್ಲಶ್ ಟ್ಯಾಂಕಿಗೆ ಬಟ್ಟೆಯ ನೀಲಿ ನಾಲ್ಕು ಹನಿ ಬಿಡಿ. ಅರ್ಧ ಗಂಟೆ ಫ್ಲಶ್ ಮಾಡಬೇಡಿ. ಕ್ಲೋಸೆಟ್ಟಿನೊಳಗೆ ನೀಲಿ ಇಳಿದರೆ ವಾಷರ್ ಹೋಗಿದೆ. ಅದು ಸಣ್ಣ ಖರ್ಚು, ಹೆದರಬೇಡಿ.

ಆಮೇಲೆ 10 ಲೀಟರ್ ಬಕೆಟ್ ಹಿಡಿದು ಪ್ರತಿ ನಲ್ಲಿಯಲ್ಲಿ ತುಂಬಲು ಎಷ್ಟು ಸೆಕೆಂಡ್ ಬೇಕು ಅಂತ ಬರೆದುಕೊಳ್ಳಿ. ಒಂದೇ ಎತ್ತರದ ನಲ್ಲಿಗಳಲ್ಲಿ ಒಂದು ಮಾತ್ರ ನಿಧಾನ ಇದ್ದರೆ ಆ ಲೈನ್ ಒಳಗೆ ತುಕ್ಕು ಕಟ್ಟಿದೆ. ನಮ್ಮ ಕೆಂಪು ನೆಲದ ಬಾವಿ ನೀರು ಹೆಚ್ಚಾಗಿ ಸ್ವಲ್ಪ ಹುಳಿ ಗುಣದ್ದು, ಕಬ್ಬಿಣವನ್ನು ತಿನ್ನುತ್ತದೆ. ಹೊಸಂಗಡಿ ಮನೆಯ ಅಡುಗೆ ಕೋಣೆಯ ಲೈನನ್ನು ಕತ್ತರಿಸಿದ ತುಂಡು ಇನ್ನೂ ನನ್ನ ಟೂಲ್ ಪೆಟ್ಟಿಗೆಯಲ್ಲಿ ಉಂಟು. ಹೊರಗಿನಿಂದ ಅರ್ಧ ಇಂಚು ಪೈಪು, ಸುಣ್ಣ ಬಳಿದದ್ದು, ನೋಡಲು ಗಟ್ಟಿ. ಒಳಗೆ ತುಕ್ಕು ಪದರ ಪದರವಾಗಿ ಕಟ್ಟಿ, ನಡುವೆ ಪೆನ್ಸಿಲ್ ಕೂಡ ತೂರದಷ್ಟು ತೂತು. ಹಳೆ ಮನೆ ತೆಗೆಯುವವರು ನನ್ನ ಹತ್ತಿರ ಬಂದರೆ ಮೊದಲು ಅದನ್ನೇ ಕೈಗೆ ಕೊಡುತ್ತೇನೆ.

ಕಂದು ನೀರಿಗೆ ಎರಡು ಕಾರಣ ಇರಬಹುದು. ನಲ್ಲಿ ಐದು ಹತ್ತು ನಿಮಿಷ ಬಿಟ್ಟ ಮೇಲೆ ತಿಳಿಯಾದರೆ ಅದು ಪೈಪಿನ ತುಕ್ಕು. ಬಾವಿಯಿಂದ ನೇರ ಸೇದಿದ ನೀರನ್ನು ಬಿಳಿ ಬಕೆಟ್‌ನಲ್ಲಿ ಒಂದು ರಾತ್ರಿ ಇಟ್ಟು ನೋಡಿ. ಸೇದುವಾಗ ತಿಳಿ ಇದ್ದದ್ದು ಬೆಳಿಗ್ಗೆಗೆ ಕಂದಾಗಿ ತಳದಲ್ಲಿ ಪುಡಿ ಕೂತರೆ ನೀರಿನಲ್ಲೇ ಕಬ್ಬಿಣ ಉಂಟು. ಆಗ ಪೈಪು ಬದಲಿಸಿದರೂ ಬಟ್ಟೆ ಕೆಂಪಾಗುವುದು ನಿಲ್ಲುವುದಿಲ್ಲ, ಫಿಲ್ಟರ್ ಖರ್ಚು ಬೇರೆ ಸೇರಿಸಿಕೊಳ್ಳಿ.

ವಾಸನೆಯ ಬಗ್ಗೆ ಈಗಲೇ ಗಾಬರಿ ಬೇಡ. ನೆಲದ ಟ್ರ್ಯಾಪಿನಲ್ಲಿ, ಅಂದರೆ ನೀರು ಇಳಿಯುವ ತೂತಿನ ಕೆಳಗಿನ ಬಾಗಿದ ಭಾಗದಲ್ಲಿ, ಎರಡು ಇಂಚಿನಷ್ಟು ನೀರು ನಿಂತಿರಬೇಕು, ಅದೇ ಗುಂಡಿಯ ಗಾಳಿಯನ್ನು ತಡೆಯುವುದು. ನಾಲ್ಕು ವರ್ಷ ಬೀಗ ಹಾಕಿದ್ದರೆ ಅದು ಆರಿಯೇ ಹೋಗಿರುತ್ತದೆ. ಎರಡು ಚೊಂಬು ನೀರು ಹೊಯ್ದು, ಕಿಟಕಿ ತೆರೆದು, ಒಂದು ಗಂಟೆ ಬಿಟ್ಟು ಬನ್ನಿ. ವಾಸನೆ ಹೋಗದಿದ್ದರೆ ಟ್ರ್ಯಾಪ್ ಇಲ್ಲ, ಅಥವಾ ಗುಂಡಿಯ ಗಾಳಿ ಮೇಲಕ್ಕೆ ಹೋಗುವ ಪೈಪು ಮುಚ್ಚಿದೆ.

ಊಟದ ಕೋಣೆಯ ಗೋಡೆಯ ಆಚೆ ಏನುಂಟು? ಬಾತ್‌ರೂಮ್ ಅಂತ ನನ್ನ ಅಂದಾಜು. ಅಂಗೈ ಬೇಡ, ಕೈಯ ಹಿಂಬದಿ ಇಟ್ಟು ನೋಡಿ, ತಂಪು ಬೇಗ ತಿಳಿಯುತ್ತದೆ. ಬರೀ ಆ ಗೋಡೆಗೆ ಹೊಸ ಪೈಂಟ್ ಇದ್ದರೆ ಯಾಕೆ ಅಂತ ಕೇಳಿ.

ಉಪ್ಪಳದ ಅಕ್ಕ:

ಪ್ಲಂಬರಣ್ಣ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಿಮ್ಮ ಗುಂಡಿ ಮಾತ್ರ ಅಳೆದರೆ ಸಾಲದು ಟೀಚರೇ, ಕಂಪೌಂಡ್ ಆಚೆಯೂ ನೋಡಿ. ನನ್ನ ಬಾಡಿಗೆ ಮನೆಯಲ್ಲಿ ಬಾವಿಯಿಂದ ನಮ್ಮ ಗುಂಡಿ 11 ಮೀಟರ್ ದೂರ. ನಿಶ್ಚಿಂತೆಯಿಂದ ಇದ್ದೆ. ಬಾಡಿಗೆಗೆ ಬಂದ ಗಂಡ ಹೆಂಡತಿಗೆ ಒಂದೂವರೆ ವರ್ಷದ ಮಗು. ಮಳೆ ಶುರುವಾದ ಮೇಲೆ ಮಗುವಿಗೆ ಬಿಡದೆ ಭೇದಿ. ಎರಡು ಸಲ ಅಡ್ಮಿಟ್ ಮಾಡಿದರು. ಕೊನೆಗೆ ನೀರು ಟೆಸ್ಟ್ ಮಾಡಿಸಿದರೆ ಅದರಲ್ಲಿ ಇ ಕೋಲಿ, ಮಲದಿಂದ ಬರುವ ರೋಗಾಣು. ಕುಡಿಯುವ ನೀರು 100 ಮಿಲಿಲೀಟರಿನಲ್ಲಿ ಅದು ಒಂದೂ ಇರಬಾರದು. ಆಮೇಲೆ ನೋಡಿದರೆ ಪಕ್ಕದ ಮನೆಯ ಗುಂಡಿ ನಮ್ಮ ಗೋಡೆಗೆ ತಾಗಿಯೇ ಉಂಟು, ಬಾವಿಗೆ ನಾಲ್ಕು ಮೀಟರೂ ಇಲ್ಲ.

ಆ ಹುಡುಗಿ ನನ್ನೊಡನೆ ಒಂದು ಗಟ್ಟಿ ಮಾತು ಆಡಲಿಲ್ಲ. ಆದರೆ ಅವಳ ಮುಖ ನನಗೆ ಮರೆತಿಲ್ಲ. ಬಾಡಿಗೆ ತೆಗೆದುಕೊಂಡ ಮೇಲೆ ನೀರಿಗೆ ನಾವೇ ಜವಾಬ್ದಾರಿ ಅಲ್ವಾ.

ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದೆವು. 1000 ಲೀಟರ್ ನೀರಿಗೆ ಎರಡೂವರೆ ಗ್ರಾಂ ಲೆಕ್ಕ. ಆದರೆ ಅದು ಕೆಲವು ದಿನದ ಮಾತು, ಮತ್ತೆ ಗುಂಡಿ ನೀರು ಸೇರಿದರೆ ಅದೇ ಕಥೆ. ಈಗ ಅಡುಗೆಗೆ ಕುಡಿಯಲಿಕ್ಕೆ ಕೇರಳ ವಾಟರ್ ಅಥಾರಿಟಿಯ ನಲ್ಲಿ ನೀರಿನ ಕನೆಕ್ಷನ್, ಬಾವಿ ನೀರು ತೊಳೆಯಲಿಕ್ಕೆ ಮಾತ್ರ ಅಂತ ಎರಡು ಲೈನ್ ಮಾಡಿಸಿದ್ದೇನೆ. ನೀರು ಟೆಸ್ಟ್ ವಾಟರ್ ಅಥಾರಿಟಿಯ ಲ್ಯಾಬಿನಲ್ಲೇ ಆಗುತ್ತದೆ. ಬಾಟಲಿಯನ್ನು ಲ್ಯಾಬಿನವರಲ್ಲಿ ಕೇಳಿ ತೆಗೆದುಕೊಳ್ಳಿ. ಮನೆಯ ಜ್ಯೂಸ್ ಬಾಟಲಿಯಲ್ಲಿ ಕೊಟ್ಟರೆ ರಿಸಲ್ಟ್ ಸರಿ ಬರುವುದಿಲ್ಲ.

ಇನ್ನೊಂದು, ಎರಡು ಮನೆಗೆ ಟ್ಯಾಂಕಿ ಎರಡು ಇಡಿ. ಪಂಪಿನ ಕರೆಂಟ್ ಯಾರ ಮೀಟರಿನಲ್ಲಿ ಅಂತ ಎಗ್ರಿಮೆಂಟ್‌ನಲ್ಲೇ ಬರೆಯಿರಿ. ಮೇಲಿನವರಿಗೂ ಕೆಳಗಿನವರಿಗೂ ಮಾತು ನಿಲ್ಲುವುದು ಅದಕ್ಕೇ.

ಬದಿಯಡ್ಕ ಟೀಚರ್:

ಅಣ್ಣಾ, ಅಕ್ಕಾ, ಮೊದಲು ಧನ್ಯವಾದ. ನಿಮ್ಮ ಮಾತು ಕಾಗದದಲ್ಲಿ ಬರೆದುಕೊಂಡು ಹೋಗಿದ್ದೆವು. ನೋಡಿದ್ದು ಹೀಗೆ.

ಶನಿವಾರ ಸಂಜೆ ಗೆರೆ ಹಾಕಿದ್ದು, ಭಾನುವಾರ ಬೆಳಿಗ್ಗೆಗೆ 3 ಸೆಂಟಿಮೀಟರ್ ಇಳಿದಿತ್ತು. ಕೆಳಗಿನ ಒಂದು ಕ್ಲೋಸೆಟ್ಟಿನಲ್ಲಿ ನೀಲಿ ಬಂತು. ಬಕೆಟ್ ತುಂಬಲು ಕೆಳಗೆ ಬಾತ್‌ರೂಮಿನಲ್ಲಿ 40 ಸೆಕೆಂಡ್, ಅಡುಗೆ ಕೋಣೆಯಲ್ಲಿ 1 ನಿಮಿಷ 50 ಸೆಕೆಂಡ್, ಮೇಲಿನ ಶವರ್‌ನಲ್ಲಿ ಬರೀ ಹನಿ. ಬಾವಿ ನೀರು ರಾತ್ರಿ ಇಟ್ಟದ್ದು ಬೆಳಿಗ್ಗೆಗೂ ತಿಳಿಯಾಗಿಯೇ ಇತ್ತು. ವಾಸನೆ ನೀರು ಹೊಯ್ದ ಮೇಲೆ ಹೋಯಿತು. ಊಟದ ಕೋಣೆಯ ಗೋಡೆಯ ಆಚೆ ಬಾತ್‌ರೂಮೇ, ನೀವು ಹೇಳಿದ ಹಾಗೆ.

ಗುಂಡಿ ಬಟ್ಟೆ ಒಗೆಯುವ ಕಲ್ಲಿನ ಅಡಿಯಲ್ಲಿತ್ತು. ಮನೆಯವರ ತಮ್ಮನಿಗೇ ಗೊತ್ತಿರಲಿಲ್ಲ, ಪಕ್ಕದ ಮನೆಯ ಅಜ್ಜ ತೋರಿಸಿಕೊಟ್ಟರು. ತಳಕ್ಕೆ ಕಾಂಕ್ರೀಟ್ ಹಾಕಿಲ್ಲ, ಕಟ್ಟುವಾಗ ನಾನೇ ನೋಡಿದ್ದೇನೆ ಅಂದರು. ಬಾವಿಗೆ ಅಳೆದರೆ 5.8 ಮೀಟರ್. ಅಕ್ಕ ಹೇಳಿದ್ದಕ್ಕೆ ಕಂಪೌಂಡ್ ಆಚೆಯೂ ಕೇಳಿದೆವು, ಆ ಮನೆಯ ಗುಂಡಿ ರಸ್ತೆ ಬದಿಯಲ್ಲಿ, ದೂರ ಉಂಟು. ಅವರ ಬಾವಿಯೂ ನಮ್ಮ ಎದುರಿನ ಅಂಗಳದಿಂದ ದೂರವೇ.

ಈಗ ಬಿಡುವುದಾ ತೆಗೆಯುವುದಾ? ಎದುರಿನ ಅಂಗಳ ಖಾಲಿ ಉಂಟು. ನಿಜ ಹೇಳಬೇಕೆಂದರೆ ಯಜಮಾನರಿಗೆ ಮನೆ ತುಂಬಾ ಹಿಡಿಸಿದೆ.

ಮಂಜೇಶ್ವರ ಪ್ಲಂಬರ್:

ಚೆನ್ನಾಗಿ ನೋಡಿದ್ದೀರಿ ಟೀಚರೇ. ಇಷ್ಟು ಲೆಕ್ಕ ಕೈಯಲ್ಲಿದ್ದರೆ ಬ್ರೋಕರ್ ಮಾತಿಗೆ ಬಗ್ಗಬೇಕಾಗಿಲ್ಲ.

3 ಸೆಂಟಿಮೀಟರ್ ಅಂದರೆ ರಾತ್ರಿಗೆ 28 ಲೀಟರ್ ಹತ್ತಿರ. ಒಂದು ಪಾಲು ಆ ಕ್ಲೋಸೆಟ್ಟಿನದ್ದು. ಅದರ ಕೆಳಗಿನ ಕಾಕ್ ಬಂದ್ ಮಾಡಿ ಇನ್ನೊಂದು ರಾತ್ರಿ ನೋಡಿ. ಆಗಲೂ ಇಳಿದರೆ ಉಳಿದದ್ದು ಊಟದ ಕೋಣೆಯ ಗೋಡೆಗೇ ಹೋಗುವುದು. ಹೇಗೂ ಲೈನ್ ಪೂರ್ತಿ ಬದಲಿಸಬೇಕು, ಅಡುಗೆ ಕೋಣೆಯ ಲೆಕ್ಕ ನೋಡಿದರೇ ತಿಳಿಯುತ್ತದೆ. ಮುಳ್ಳೇರಿಯದವರು ಹೇಳಿದ ಹಾಗೆ ಹೊರಗಿನಿಂದ ತನ್ನಿ. ಗೋಡೆಗೆ ಈಗ ಪೈಂಟ್ ಹೊಡೆಯಬೇಡಿ. ಸಿಪ್ಪೆ ಕೆರೆದು ಒಂದು ಬೇಸಿಗೆ ಆರಲು ಬಿಡಿ.

ಮೇಲಿನ ಶವರ್ ಹಾಳಾದದ್ದಲ್ಲದಿರಬಹುದು, ಟ್ಯಾಂಕಿ ತಗ್ಗಿನಲ್ಲಿದ್ದರೂ ಹಾಗಾಗುತ್ತದೆ. ನೀರು 10 ಮೀಟರ್ ಎತ್ತರದಿಂದ ಬಂದರೆ ಸುಮಾರು ಒಂದು ಕೆಜಿ ಪ್ರೆಶರ್. ತಾರಸಿ ಮೇಲೆಯೇ ಟ್ಯಾಂಕಿ ಇಟ್ಟರೆ ಮೇಲಿನ ಶವರಿಗೆ ಒಂದೆರಡು ಮೀಟರ್ ಎತ್ತರವಷ್ಟೇ ಸಿಗುತ್ತದೆ. ಸ್ಟ್ಯಾಂಡ್ ಕಟ್ಟಿ ಎತ್ತರಿಸಿ, ಇಳಿಯುವ ಪೈಪು ಒಂದೂಕಾಲು ಇಂಚು ಹಾಕಿಸಿ. ಆದರೆ ತುಂಬಿದ ಟ್ಯಾಂಕಿ ಒಂದು ಟನ್ ಭಾರ. ಸ್ಲ್ಯಾಬಿನ ನಡುವೆ ಬೇಡ, ಕೆಳಗೆ ಗೋಡೆ ಬರುವ ಜಾಗದಲ್ಲೇ ಕೂರಿಸಿ.

ಇಷ್ಟಕ್ಕೆಲ್ಲ ರೇಟು ಉಂಟು. ಗುಂಡಿ ಮಾತ್ರ 5.8 ಮೀಟರಿನಲ್ಲಿ ಇರಲಿಕ್ಕೆ ಬಿಡಬಾರದು. ತಳ ಇಲ್ಲ ಅಂತ ಅಜ್ಜ ಹೇಳಿದ್ದಾರೆ, ನಾನೂ ನಂಬುತ್ತೇನೆ. ಎದುರಿನ ಅಂಗಳದಲ್ಲಿ ತಳ ಇರುವ ಟ್ಯಾಂಕೂ, ಅದರ ನೀರಿಗೆ ಇಂಗುಗುಂಡಿಯೂ ಆಗಬೇಕು. ನಿಮ್ಮ ಬಾವಿಗೂ ಪಕ್ಕದ ಬಾವಿಗೂ 7.5 ಮೀಟರ್ ಬಿಟ್ಟು, ಬೇಲಿಯಿಂದಲೂ ನಿಯಮದ ದೂರ ಬಿಟ್ಟು.

ಬಿಡುವುದಾ ತೆಗೆಯುವುದಾ ಅಂತ ಹೇಳಲು ನನಗೆ ಒಂದೇ ಒಂದು ವಿಷಯ ಬಾಕಿ. ಎದುರಿನ ಅಂಗಳ ಹಿತ್ತಿಲಿಗಿಂತ ತಗ್ಗೋ ಎತ್ತರವೋ? 4 ಇಂಚಿನ ಪೈಪಿಗೆ ಹತ್ತಡಿಗೆ ಮೂರು ಇಂಚು ಇಳಿಜಾರು ಕೊಡಬೇಕು. ಹಿಂದಿನಿಂದ ಎದುರಿಗೆ 18 ಮೀಟರ್ ಅಂದುಕೊಂಡರೆ 45 ಸೆಂಟಿಮೀಟರ್ ತಗ್ಗು ಬೇಕಾಗುತ್ತದೆ. ಅಂಗಳ ಎತ್ತರದಲ್ಲಿದ್ದರೆ ಟ್ಯಾಂಕ್ ಅಷ್ಟು ಆಳಕ್ಕೆ ಹೋಗುತ್ತದೆ, ಮುರಕಲ್ಲು ಕಡಿಯುವ ಕೂಲಿ ಜಾಸ್ತಿ, ಮಳೆಗಾಲದಲ್ಲಿ ನೆಲದ ನೀರು ಸುತ್ತ ನಿಲ್ಲುವ ತೊಂದರೆಯೂ ಉಂಟು. ಆಗ ನಾನಾದರೆ ಬಿಡುತ್ತೇನೆ. ತಗ್ಗಿದ್ದರೆ ತೆಗೆಯಿರಿ, ಪೈಪಿಗೂ ಗುಂಡಿಗೂ ಸೇರಿ ಎರಡೂವರೆ ಲಕ್ಷ ಕಳೆದು ಕೇಳಿ.

ನೋಡುವುದು ಕಷ್ಟ ಅಲ್ಲ. ಮೇಸ್ತ್ರಿಗಳ ಹತ್ತಿರ ಲೆವೆಲ್ ಟ್ಯೂಬ್ ಇರುತ್ತದೆ, ನೀರು ತುಂಬಿದ ಪಾರದರ್ಶಕ ಪೈಪು. ಒಂದು ತುದಿ ಹಿತ್ತಿಲ ಚೇಂಬರಿನ ಹತ್ತಿರ, ಇನ್ನೊಂದು ಅಂಗಳದಲ್ಲಿ ಹಿಡಿದರೆ ಎರಡು ಕಡೆಯೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅಲ್ಲಿಂದ ನೆಲಕ್ಕೆ ಎಷ್ಟು ಅಂತ ಎರಡೂ ಕಡೆ ಅಳೆಯಿರಿ. ಟ್ಯೂಬಿನೊಳಗೆ ಗಾಳಿಯ ಗುಳ್ಳೆ ಇರಬಾರದು, ಇದ್ದರೆ ಲೆಕ್ಕ ತಪ್ಪುತ್ತದೆ.

ಬದಿಯಡ್ಕ ಟೀಚರ್:

ಆಯ್ತಣ್ಣ. ಟ್ಯೂಬ್ ಸಿಕ್ಕಿದೆ, ನಮ್ಮ ಶಾಲೆಯ ಕಟ್ಟಡದ ಮೇಸ್ತ್ರಿ ಕೊಡುತ್ತಾರಂತೆ. ಶನಿವಾರ ಮಧ್ಯಾಹ್ನ ಹೋಗುತ್ತೇವೆ. ಎರಡು ಕಡೆಯ ಅಳತೆಯನ್ನೂ ಸಂಜೆ ಇಲ್ಲೇ ಬರೆಯುತ್ತೇನೆ. ಅಲ್ಲಿವರೆಗೆ ಅಡ್ವಾನ್ಸ್ ಕೊಡುವುದಿಲ್ಲ ಅಂತ ಬ್ರೋಕರಿಗೆ ಹೇಳಿಯಾಯಿತು.